ಅರಿಶಿನ ಕುಂಕುಮದ ಬಾಬ್ತು

ಒಂದೂವರೆ ಪುಟದ ಕಾಗದ ಅದು. ಎದುರು ಪಕ್ಷದ ವಕೀಲರು ಅದನ್ನು ಓದಿದ್ದರು, ಕೈಬರಹ ತಜ್ಞರು ಭೂತಗನ್ನಡಿ ಹಿಡಿದು ನೋಡಿದ್ದರು, ನಾನಂತೂ ಬಾಯಿಪಾಠ ಆಗುವಷ್ಟು ಸಲ ಓದಿದ್ದೆ. ಅದರೊಳಗಿದ್ದ ಸುಳ್ಳು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಅಕ್ಷರ ಬಾರದ ನಮ್ಮವ್ವನ ಕಿವಿಗೆ ಬಿತ್ತು. ಆ ಕೇಸು ಗೆದ್ದದ್ದು ಹಾಗೆ. ಗೆದ್ದೆ ಅಂತ ಹೇಳಿಕೊಳ್ಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲಾ ಅಂತ ಕಕ್ಷಿದಾರರನ್ನೇ ಕೇಳಿದೆ. "ಹೆಸರು ಹಾಕ್ಬೇಡಿ. ಮಿಕ್ಕಿದ್ದು ಬರೀರಿ ಮೇಡಂ, ಈಗ ಮುಚ್ಚಿಡೋಕೆ ಏನೈತೆ," ಅಂದರು.

ಅವರು ಮೊದಲ ಸಲ ಲಕ್ಷ್ಮೀಪುರಂನ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲೊಂದು ಬಟ್ಟೆ ಅಂಗಡಿಯ ಚೀಲವಿತ್ತು. ಒಳಗೆ ತಂದೆಯ ಹೆಸರಿನ ಕ್ರಯಪತ್ರದ ನಕಲು, ಹಳೆಯ ಕಂದಾಯದ ರಸೀದಿಗಳು, ತಂದೆಯ ಮರಣ ಪತ್ರ. ಎಲ್ಲವನ್ನೂ ಅಳತೆ ಟೇಪಿನ ತುಂಡಿನಿಂದ ಕಟ್ಟಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಹಣೆಯಲ್ಲಿ ಸಣ್ಣ ಕೆಂಪು ಸ್ಟಿಕ್ಕರ್, ಕೊರಳಲ್ಲಿ ಕರಿಮಣಿ. ಜಯಲಕ್ಷ್ಮಿಪುರಂನಲ್ಲಿ ಒಂದು ಮನೆಯ ಔಟ್‌ಹೌಸ್ ಬಾಡಿಗೆಗೆ ಹಿಡಿದು ಬ್ಲೌಸ್ ಹೊಲಿಯುತ್ತಿದ್ದರು. ಹೆಚ್ಚಾಗಿ ಮದುವೆ ಬ್ಲೌಸ್. ಹೆಣ್ಣು ಧಾರೆಗೆ ಕೂರುವಾಗ ತೊಡುವಂಥವು, ಬೆನ್ನಿನ ಮೇಲೆ ಮಣಿ ಕೆಲಸ ಇರುವಂಥವು.

"ಯಜಮಾನ್ರು ಏನು ಮಾಡ್ತಾರೆ ಅಕ್ಕ?" ಅಂತ ಕೇಳಿದೆ. ದಾವಾದಲ್ಲಿ ಗಂಡನ ಹೆಸರು ಬರೆಯಬೇಕಲ್ಲ.

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. "ಇಲ್ಲ ಮೇಡಂ. ಹೋಗಿ ತುಂಬ ವರ್ಷ ಆಯ್ತು. ಅಲ್ಲಿ ಯಾರ್ಗೂ ಹೇಳಿಲ್ಲ. ಹೊರಗಡೆ ದೇಶದಲ್ಲಿ ಕೆಲಸದಲ್ಲವ್ರೆ ಅಂದ್ಬುಟ್ಟಿದೀನಿ. ಮದುವೆ ಹೆಣ್ಮಕ್ಕಳ ಬಟ್ಟೆ ಅಲ್ವಾ? ಗೊತ್ತಾದ್ರೆ ನನ್ ಕೈಗೆ ಯಾರು ಅಳತೆ ಕೊಡ್ತಾರೆ?"

"ಈ ಕಾಲದಲ್ಲೂನಾ?" ಅಂದೆ.

"ಈ ಕಾಲದಲ್ಲೇ. ನಿಮ್ಮತ್ರ ಬರೋರು ಜಗಳ ತಗೊಂಡು ಬರ್ತಾರೆ, ಮುಹೂರ್ತ ತಗೊಂಡು ಬರಲ್ಲ. ಅದಕ್ಕೆ ನಿಮಗೆ ಗೊತ್ತಾಗಲ್ಲ," ಅಂತ ನಕ್ಕರು.

ನಜರ್‌ಬಾದಿನಲ್ಲಿ ತಂದೆಯ ಮನೆ. ಮುಂದೆ ಎರಡು ಮಳಿಗೆ, ಹಿಂದೆ ಮನೆ. ತಂದೆ ಕಾರ್ಖಾನೆ ನೌಕರಿಯ ಸಂಬಳದಲ್ಲಿ ಕೊಂಡದ್ದು, ಪಿತ್ರಾರ್ಜಿತ ಅಲ್ಲ. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆ ವಿಲ್ ಬರೆಯದೆ ಹೋದರು. ಮಕ್ಕಳು ಮೂವರು: ದೊಡ್ಡಣ್ಣ, ಚಿಕ್ಕಣ್ಣ, ಇವರು. ಖಾತೆ ಅಣ್ಣಂದಿರಿಬ್ಬರ ಹೆಸರಿಗೆ ಆಗಿತ್ತು. ದೊಡ್ಡಣ್ಣ ಒಂದು ಮಳಿಗೆಯಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದರು.

"ಔಟ್‌ಹೌಸ್ ಕೆಡವಿ ಕಾರು ನಿಲ್ಲಿಸ್ತಾರಂತೆ. ಇನ್ನೊಂದೆರಡು ವರ್ಷದಲ್ಲಿ ಖಾಲಿ ಮಾಡಿ ಅಂತವ್ರೆ. ನನ್ನ ಪಾಲು ಅಂತ ಏನಾದ್ರೂ ಬಂದ್ರೆ ಅದೇ ಏರಿಯಾದಲ್ಲಿ ಸಣ್ಣದೊಂದು ಮನೆ ಭೋಗ್ಯಕ್ಕೆ ಹಾಕ್ಕೋತೀನಿ. ಗಿರಾಕಿಗಳು ತಪ್ಪೋಗ್ಬಾರ್ದು, ಅಷ್ಟೇ ನಂಗೆ."

ಕಾನೂನಿನ ಪ್ರಕಾರ ಇದರಷ್ಟು ಸರಳವಾದ ಕೇಸು ಇರಲಿಕ್ಕಿಲ್ಲ. ಸ್ವಂತ ಸಂಪಾದನೆಯ ಆಸ್ತಿ, ವಿಲ್ ಇಲ್ಲ, ಮೂರು ಮಕ್ಕಳು, ಮೂರು ಸಮಪಾಲು. ಮಗಳಿಗೆ ಮದುವೆ ಆಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಹಾಗಂತ ಅವರಿಗೆ ಹೇಳಿದೆ. "ಕಣ್ಣು ಮುಚ್ಕೊಂಡು ಗೆಲ್ಲೋ ಕೇಸು ಅಕ್ಕ" ಅಂದ ನೆನಪು. ನಮ್ಮ ಬೀದಿಯಲ್ಲಿ ಡಿಗ್ರಿ ಕಂಡ ಮೊದಲ ಹೆಣ್ಣು ನಾನು. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ ಓದಿಸಿದ್ದು. ಆ ಹೆಮ್ಮೆ ನನಗೆ ಈಗಲೂ ಇದೆ, ಅದನ್ನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ಆದರೆ ಓದಿದ್ದು ಕೈಯಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡೆನಲ್ಲ, ಅಲ್ಲಿಂದಲೇ ಶುರುವಾಯಿತು.

ದಾವಾ ಪತ್ರದಲ್ಲಿ ಅವರ ಹೆಸರಿನ ಮುಂದೆ, ಪದ್ಧತಿಯಂತೆ, "ಲೇಟ್" ಅಂತ ಬರೆದು ಗಂಡನ ಹೆಸರು ಬರೆದೆ. "ಪೇಪರ್‌ನಲ್ಲಿ ತಾನೆ, ಜಯಲಕ್ಷ್ಮಿಪುರಂನೋರು ಯಾರು ಇದನ್ನ ಓದ್ತಾರೆ," ಅಂತ ಅವರು ಸಹಿ ಹಾಕಿದರು.

ಅಣ್ಣಂದಿರ ಪರ ಬಂದವರು ಹಿರಿಯ ವಕೀಲರು. ಅವರ ತಂದೆಯೂ ಇದೇ ಕೋರ್ಟಿನಲ್ಲಿ ಕರಿಕೋಟು ಹಾಕಿದವರು. ಲಿಖಿತ ಹೇಳಿಕೆಯ ಜೊತೆ ಆ ಒಂದೂವರೆ ಪುಟ ಬಂತು. ಹಳೆಯ ಛಾಪಾ ಕಾಗದದ ಮೇಲೆ ಟೈಪ್ ಮಾಡಿದ ಪಾರೀಕತ್ತು. ಪಾರೀಕತ್ತು ಅಂದರೆ, ಮನೆಯವರು ಹಿರಿಯರ ಮುಂದೆ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಆದದ್ದನ್ನು ಆಮೇಲೆ ನೆನಪಿಗೆ ಬರೆದಿಟ್ಟುಕೊಳ್ಳುವ ಕಾಗದ. ತಂದೆ ಸತ್ತ ವರ್ಷದ ತಾರೀಖು. ಪಂಚರಾಗಿ ಇಬ್ಬರು ಹಿರಿಯರ ಹೆಸರಿತ್ತು, ಇಬ್ಬರೂ ಆಗಲೇ ತೀರಿಹೋಗಿದ್ದರು. ಮುಖ್ಯವಾದ ಸಾಲುಗಳು ಇವು:

"ಪಂಚರ ಸಮಕ್ಷಮ ನಮ್ಮ ಸೋದರಿಗೆ ಸೀರೆ ಕೊಟ್ಟು, ಹಸಿರು ಬಳೆ ತೊಡಿಸಿ, ಮಡಿಲಕ್ಕಿ ತುಂಬಿ, ಅರಿಶಿನ ಕುಂಕುಮದ ಬಾಬ್ತು ಸಲ್ಲತಕ್ಕದ್ದೆಲ್ಲವನ್ನೂ ಸಲ್ಲಿಸಿರುವುದಾಗಿಯೂ, ಸದರಿಯವರು ಸಂತೋಷಚಿತ್ತದಿಂದ ಸ್ವೀಕರಿಸಿ ಸದರಿ ಸ್ವತ್ತಿನ ಮೇಲಿನ ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುವುದಾಗಿಯೂ..."

ನಮ್ಮ ಕಡೆಯ ಹಳೆಯ ಕಾಗದಗಳನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಹೆಣ್ಣುಮಗಳಿಗೆ ಪಾಲಿನ ಬದಲು ಒಂದು ಸೀರೆ, ಬಳೆ ಕೊಟ್ಟು ಕಳಿಸಿದರೆ ಅದಕ್ಕೆ ಅರಿಶಿನ ಕುಂಕುಮದ ಬಾಬ್ತು ಅನ್ನುತ್ತಾರೆ. ಎಷ್ಟೋ ಪತ್ರಗಳಲ್ಲಿ ಓದಿ ಓದಿ, ಆ ಸಾಲು ಬಂದ ಕೂಡಲೇ ನನ್ನ ಕಣ್ಣು ಜಾರಿ ಮುಂದಿನ ಸಾಲಿಗೆ ಹೋಗುವುದು ರೂಢಿಯಾಗಿತ್ತು. ಇಲ್ಲೂ ಹಾಗೇ ಜಾರಿತು.

ನಾನು ಹಿಡಿದದ್ದು ನೋಂದಣಿಯನ್ನು. ಮನೆಯ ಮೇಲಿನ ಹಕ್ಕು ಬಿಡುವುದಾದರೆ ಪತ್ರ ನೋಂದಣಿ ಆಗಿರಬೇಕು, ಇದು ಆಗಿಲ್ಲ, ಇದನ್ನು ಸಾಕ್ಷ್ಯಕ್ಕೆ ತೆಗೆದುಕೊಳ್ಳಬಾರದು ಅಂತ ವಾದಿಸಿದೆ. ಹಿರಿಯ ವಕೀಲರು ಎದ್ದು, ಈ ಕಾಗದದಿಂದ ಹಕ್ಕು ಬಿಟ್ಟದ್ದಲ್ಲ ಸ್ವಾಮಿ, ಹಕ್ಕು ಬಿಟ್ಟದ್ದು ಪಂಚರ ಮುಂದೆ ಬಾಯಿಮಾತಿನಲ್ಲಿ, ಇದು ಬರೀ ಅದರ ಟಿಪ್ಪಣಿ, ಟಿಪ್ಪಣಿಗೆ ನೋಂದಣಿ ಬೇಕಿಲ್ಲ ಅಂದರು. ಆಕ್ಷೇಪಣೆಯನ್ನು ಕೊನೆಗೆ ನೋಡೋಣ ಅಂತ ನ್ಯಾಯಾಧೀಶರು ಕಾಗದವನ್ನು ಗುರುತು ಮಾಡಿಕೊಂಡರು. ಅದಕ್ಕೆ ಡಿ-೪ ಅಂತ ನಿಶಾನೆ ಬಿತ್ತು. ಅಂದರೆ ಇನ್ನು ಪ್ರಶ್ನೆ ಒಂದೇ: ಆ ಪಂಚಾಯ್ತಿ ನಿಜವಾಗಿ ನಡೆದಿತ್ತೋ ಇಲ್ಲವೋ.

ಹೊರಗೆ ಪಡಸಾಲೆಯಲ್ಲಿ ಹಿರಿಯರು ನನ್ನ ಪಕ್ಕ ನಿಂತು ಹೇಳಿದರು: "ಚೆನ್ನಾಗಿ ಓದ್ಕೊಂಡ್ ಬಂದಿದೀಯ ತಾಯಿ, ಸಂತೋಷ. ಆದ್ರೆ ಪುಸ್ತಕದ ಜೊತೆ ನಮ್ಮ ಕಡೆ ಪದ್ಧತೀನೂ ಒಸಿ ತಿಳ್ಕೊಬೇಕು."

ನಮ್ಮ ಉತ್ತರ ಬರೆಯಲು ನಾನು ಕಕ್ಷಿದಾರರಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಮಿಷನ್ನಿನ ಸದ್ದು.

"ಇಂಥ ಪಂಚಾಯ್ತಿ ಆಗಿತ್ತಾ ಅಕ್ಕ?"

"ಇಲ್ವೇ ಇಲ್ಲ ಮೇಡಂ."

"ಸೈನ್ ಹಾಕಿದ್ರಾ?"

"ಇಂಥದ್ದಕ್ಕೆ ಹಾಕಿಲ್ಲ."

"ಹಾಕಿಲ್ಲ" ಅನ್ನುವುದು ನನಗೆ ಕೇಳಿಸಿತು. "ಇಂಥದ್ದಕ್ಕೆ" ಅನ್ನುವುದು ಕೇಳಿಸಲಿಲ್ಲ. ಎಲ್ಲರೂ ಬರೆಯುವಂತೆ ನಾನೂ ಬರೆದೆ: ಸದರಿ ಸಹಿ ವಾದಿಯದ್ದಲ್ಲ, ಅದು ಸೃಷ್ಟಿಸಿದ್ದು. ಕೈಬರಹ ತಜ್ಞರಿಗೆ ಕಳಿಸಿ ಅಂತ ಅರ್ಜಿ ಹಾಕಿದ್ದೂ ನಾನೇ. ಎಂಟು ತಿಂಗಳಾದ ಮೇಲೆ ವರದಿ ಬಂತು. ಸಹಿ ಅವರದೇ.

ಆಫೀಸಿಗೆ ಕರೆಸಿ, ಬಾಗಿಲು ಹಾಕಿ ಕೇಳಿದೆ. ಅವರು ಬೆರಳು ತಿರುವುತ್ತಾ ಹೇಳಿದರು: "ಅಪ್ಪ ಹೋದ ವರ್ಷ ಅಣ್ಣ ಒಂದು ಖಾಲಿ ಛಾಪಾ ಕಾಗದ ತಂದಿದ್ದ ಮೇಡಂ. ಖಾತೆ ಮಾಡಿಸ್ಬೇಕು, ತಳದಲ್ಲಿ ಒಂದು ಸೈನ್ ಹಾಕು ಅಂದ. ಹಾಕ್ದೆ. ಮನೇಲಿ ಯಾರೂ ಹೀಗೆ ಬರೀತಾರೆ ಅನ್ಕೊಳಲ್ವಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಪಂಚಾಯ್ತಿ ಬಗ್ಗೆ ಅಲ್ವಾ?"

ಕಕ್ಷಿದಾರರ ಪಾಟೀಸವಾಲಿನ ದಿನ ಹಿರಿಯ ವಕೀಲರು ದನಿ ಎತ್ತಲೇ ಇಲ್ಲ. ತುಂಬ ಮೆತ್ತಗೆ ಮಾತಾಡಿದರು. ಡಿ-೪ ತೋರಿಸಿ, "ಇದು ನಿಮ್ಮ ಸಹಿ ಅಲ್ವೇನಮ್ಮ?" ಅಂದರು.

"ನಂದೇ ಸ್ವಾಮಿ. ಆದ್ರೆ ಖಾಲಿ ಕಾಗದಕ್ಕೆ..."

"ಕೇಳಿದ್ದಕ್ಕೆ ಹೇಳಿ. ಸಹಿ ನಿಮ್ಮದೇ. ಆದ್ರೆ ನಿಮ್ಮ ಉತ್ತರದಲ್ಲಿ ಸಹಿ ನಕಲಿ ಅಂತ ಬರ್ದಿದೆ. ಖಾಲಿ ಕಾಗದದ ಮಾತು ಅಲ್ಲಿ ಎಲ್ಲೂ ಇಲ್ಲ. ಹಾಗಾದ್ರೆ ಅದು ಸುಳ್ಳಾ? ಸುಳ್ಳು ಬರೆದೋರು ಯಾರು, ನೀವಾ, ನಿಮ್ಮ ವಕೀಲರಾ?"

ಅವರು ಕಟಕಟೆಯಿಂದ ನನ್ನ ಕಡೆ ನೋಡಿದರು. ನಾನು ಫೈಲಿನ ಕಡೆ ನೋಡಿದೆ.

"ನಾನೇ ಅವ್ರಿಗೆ ಸರಿಯಾಗಿ ಹೇಳ್ಲಿಲ್ಲ ಸ್ವಾಮಿ," ಅಂದರು.

ಆ ಒಂದು ಮಾತು ದಾಖಲಾದ ಮೇಲೆ ಕೇಸಿನ ಬೆನ್ನುಮೂಳೆ ಮುರಿದಂತೆ. ಮಧ್ಯಾಹ್ನ ಕೋರ್ಟಿನ ಅಂಗಳದ ಮರದ ಕೆಳಗೆ ದೊಡ್ಡಣ್ಣ ನನ್ನನ್ನು ತಡೆದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ನೋಡಿ ಲಾಯರಮ್ಮ, ನಾವೇನು ಕಟುಕರಲ್ಲ. ಕೇಸು ವಾಪಸ್ ತಗೊಳ್ಳಿ. ಹಿಂದುಗಡೆ ರೂಮು ಐತೆ, ಹಳೇ ಸಾಮಾನು ಹಾಕಿದೀವಿ, ತೆಗೆಸ್ತೀವಿ. ಸಾಯೋಗಂಟ ಇದ್ಕೊಳ್ಲಿ. ಬರ್ಕೊಡೋದು ಗಿರ್ಕೊಡೋದು ಏನಿಲ್ಲ. ತಂಗಿ ಅಲ್ವಾ, ನಂಬಿಕೆ ಸಾಕು."

"ನಂಬಿ ಹಾಕಿದ ಸಹಿನೇ ಅಲ್ವಾ ಒಳಗೆ ಇರೋದು," ಅಂದೆ.

"ಓದಿದೋರ ಜೊತೆ ಮಾತಾಡೋದು ಕಷ್ಟ ಬುಡಿ," ಅಂತ ಹೊರಟರು.

ಮುಂದಿನ ವಾಯಿದೆಗೆ ದೊಡ್ಡಣ್ಣನ ಪಾಟೀಸವಾಲು ಇತ್ತು. ಅವರನ್ನು ಕೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಛಾಪಾ ಕಾಗದ ಅಸಲಿ, ಸಹಿ ಅಸಲಿ, ಪಂಚರು ಸತ್ತಿದ್ದಾರೆ. ಆ ಹಿಂದಿನ ರೂಮಿಗೆ ಒಪ್ಪಿಕೊಳ್ಳಿ ಅಂತ ಕಕ್ಷಿದಾರರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಬೆಳಿಗ್ಗೆ ಅವ್ವ ಹಜಾರದಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿತಕುತ್ತಿದ್ದಳು. ನಾನು ಪಕ್ಕದಲ್ಲಿ ಫೈಲು ಬಿಚ್ಚಿಕೊಂಡಿದ್ದೆ. ಪಕ್ಕದ ಮನೆಯ ಸೊಸೆ ಎಳ್ಳು ಬೀರಲು ಬಂದಳು. ಕುಂಕುಮದ ಬಟ್ಟಲು ನನ್ನ ಮುಂದೆ ಹಿಡಿದಳು, ನಾನು ಇಟ್ಟುಕೊಂಡೆ. ಅವ್ವನಿಗೆ ಎಳ್ಳಿನ ಪೊಟ್ಟಣ ಮಾತ್ರ ಕೊಟ್ಟಳು. ಒಳ್ಳೆಯ ಹುಡುಗಿ, ಅವ್ವನ ಕಾಲಿಗೂ ನಮಸ್ಕಾರ ಮಾಡಿ ಹೋದಳು. ನಮ್ಮಪ್ಪ ಸತ್ತ ಮೇಲೆ ಪ್ರತಿ ವರ್ಷ ನಡೆಯುವುದೇ ಇದು. ನಾನು ನೋಡಿಯೂ ನೋಡುತ್ತಿರಲಿಲ್ಲ.

"ಯಾವ ಕಾಗ್ದವ್ವ ಅದು, ಹಬ್ಬದ ದಿನಾನೂ?" ಅಂದಳು ಅವ್ವ.

ಬೇಸರಕ್ಕೆ ಡಿ-೪ನ್ನು ಗಟ್ಟಿಯಾಗಿ ಓದಿ ಹೇಳಿದೆ. "ಹಸಿರು ಬಳೆ ತೊಡಿಸಿ, ಮಡಿಲಕ್ಕಿ ತುಂಬಿ, ಅರಿಶಿನ ಕುಂಕುಮದ ಬಾಬ್ತು..."

ಅವ್ವನ ಕೈ ನಿಂತಿತು. "ಯಾರ್ಗೆ ತೊಡ್ಸುದ್ರಂತೆ?"

"ಅದೇ, ಬ್ಲೌಸ್ ಹೊಲೀತಾರಲ್ಲ, ಅವರಿಗೆ."

"ಆಗ ಗಂಡ ಇದ್ನಾ?"

ನಾನು ಫೈಲಿನ ಮೊದಲ ಪುಟ ತಿರುವಿದೆ. ಗಂಡ ಸತ್ತದ್ದು ತಂದೆಗಿಂತ ಮೂರು ವರ್ಷ ಮೊದಲು. ನನ್ನ ದಾವಾದ ಮೊದಲ ಪುಟದಲ್ಲೇ "ಲೇಟ್" ಅಂತ ನಾನೇ ಬರೆದಿದ್ದೆ.

"ಮುಂಡೆ ಆದೋಳ್ಗೆ ಯಾವ ಅಣ್ಣ ಹಸಿರು ಬಳೆ ತೊಡಸ್ತನವ್ವ?" ಅಂದಳು ಅವ್ವ, ಮತ್ತೆ ಕಾಳು ಹಿತಕುತ್ತಾ. "ಅಷ್ಟು ಒಳ್ಳೇವ್ನಾಗಿದ್ರೆ ಪಾಲೂ ಕೊಟ್ಬುಡ್ತಿದ್ದ."

ಬರೆದವನಿಗೆ ರೂಢಿಯ ಮಾತು ಬೇಕಿತ್ತು. ಕಾಗದ ನಿಜ ಅನ್ನಿಸಲಿ ಅಂತ ಅರಿಶಿನ ಕುಂಕುಮದ ಜೊತೆ ಬಳೆ, ಮಡಿಲಕ್ಕಿ ಎಲ್ಲ ಸೇರಿಸಿ ಸಿಂಗಾರ ಮಾಡಿದ್ದ. ನನಗೂ ರೂಢಿಯ ಮಾತೇ ಬೇಕಿತ್ತು, ಸಹಿ ನಕಲಿ ಅಂತ. ಇಬ್ಬರೂ ಆ ಹೆಂಗಸಿನ ಮುಖ ನೋಡದೆ ಬರೆದಿದ್ದೆವು.

ಮರುದಿನವೇ ಕಕ್ಷಿದಾರರನ್ನು ಕರೆಸಿದೆ. ಅವರ ಅಣ್ಣನ ಮನೆಯಲ್ಲಿ ಗಂಡ ಸತ್ತವರ ವಿಷಯದಲ್ಲಿ ಪದ್ಧತಿ ಹೇಗಿತ್ತು ಅಂತ ಕೇಳಿದೆ. ಅವರು ಹೇಳಿದರು.

"ಅಪ್ಪ ಹೋಗೋ ಹಿಂದಿನ ವರ್ಷ ಅಣ್ಣನ ಮಗನ ಮದುವೆ ಆಯ್ತು. ಹೆಣ್ಣಿನ ಧಾರೆ ಬ್ಲೌಸ್ ನಾನೇ ಹೊಲ್ದಿದ್ದು. ಬೀಗರಿಗೆ ಮಾತ್ರ ಅಂಗಡೀಲಿ ಹೊಲ್ಸಿದ್ದು ಅಂತ ಹೇಳಿದ್ರು. ಮದುವೆ ದಿನ ಉಗ್ರಾಣದಲ್ಲಿ ಕೂತು ತಾಂಬೂಲದ ಚೀಲ ತುಂಬ್ತಿದ್ದೆ. ಧಾರೆ ಹೊತ್ಗೆ ಆಚೆ ಬರ್ಬೇಡ ಅಂತ ಅಣ್ಣ ಹೇಳಿ ಕಳಿಸ್ದ. ಗಟ್ಟಿಮೇಳ ಕೇಳಿಸ್ತು. ಅಲ್ಲೇ ಕೂತು ಅಕ್ಷತೆ ಹಾಕ್ದೆ, ತೆಂಗಿನಕಾಯಿ ಮೇಲೆ." ನಗಲು ನೋಡಿದರು.

"ಇದನ್ನ ನಿಮ್ಮಣ್ಣನ ಬಾಯಲ್ಲೇ ಹೇಳಿಸ್ಬೇಕು ಅಕ್ಕ. ಹೇಳಿಸಿದ್ರೆ ಆ ಕಾಗದ ಸತ್ತುಹೋಗುತ್ತೆ."

ಅವರ ಮುಖ ಬದಲಾಯಿತು. "ಅದೊಂದು ಬೇಡ ಮೇಡಂ."

"ಯಾಕೆ?"

"ಪೇಪರ್‌ನಲ್ಲಿ ಇರೋದು ಬೇರೆ, ನಾಲ್ಕು ಜನದ ಮುಂದೆ ಅಣ್ಣನ ಬಾಯಲ್ಲಿ ಬರೋದು ಬೇರೆ. ಅವನಿಗೆ ಅವಮಾನ ಆದ್ರೆ ಸುಮ್ನಿರಲ್ಲ. ನಾನು ಎಲ್ಲಿದೀನಿ, ಏನಂತ ಹೇಳ್ಕೊಂಡು ಬದುಕ್ತಿದೀನಿ ಅವನಿಗೆ ಗೊತ್ತು. ಇಷ್ಟು ದಿನ ಬಾಯಿ ಬಿಟ್ಟಿಲ್ಲ."

ನಾನು ಲೆಕ್ಕ ಒಪ್ಪಿಸಿದೆ. ಈ ಪ್ರಶ್ನೆ ಕೇಳದಿದ್ದರೆ ಕೇಸು ಬಿದ್ದುಹೋಗುತ್ತದೆ. ಆಗ ಪಾಲೂ ಇಲ್ಲ, ಮನೆಯೂ ಇಲ್ಲ, ಔಟ್‌ಹೌಸೂ ಇರುವುದಿಲ್ಲ. ಹಿಂದಿನ ರೂಮಿಗೆ ಹೋದರೂ, ಗಂಡ ಇಲ್ಲ ಅನ್ನುವುದು ನಜರ್‌ಬಾದಿನಲ್ಲಿ ಎಲ್ಲರಿಗೂ ಗೊತ್ತೇ ಇದೆ. ತುಂಬ ಹೊತ್ತು ಹೇಳಿದೆ, ಚೆನ್ನಾಗಿಯೂ ಹೇಳಿದೆ. ಅವರು ಚೀಲದ ಹಿಡಿ ಸುತ್ತುತ್ತಾ ಕೇಳಿಸಿಕೊಂಡರು.

"ನಿಮ್ಮಿಷ್ಟ ಮೇಡಂ," ಅಂದರು ಕೊನೆಗೆ.

ನಮ್ಮ ಕಡೆ ಹೆಂಗಸರು "ನಿಮ್ಮಿಷ್ಟ" ಅಂದರೆ ಏನರ್ಥ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ನಮ್ಮವ್ವ ನಮ್ಮಪ್ಪನಿಗೆ ಆ ಮಾತು ಅಂದದ್ದನ್ನು ಕೇಳಿಕೊಂಡೇ ಬೆಳೆದವಳು ನಾನು. ಬೇಡ ಅನ್ನಲು ತ್ರಾಣ ಉಳಿಯದಾಗ ಬರುವ ಮಾತು ಅದು. ನಾನು ಅದನ್ನು ಒಪ್ಪಿಗೆ ಅಂತ ಡೈರಿಯಲ್ಲಿ ಬರೆದುಕೊಂಡೆ.

ದೊಡ್ಡಣ್ಣ ಕಟಕಟೆ ಹತ್ತಿದ ದಿನ ಕೋರ್ಟು ಹಾಲ್ ತುಂಬಿತ್ತು. ನಾನು ಸಹಿಯ ಮಾತೇ ಎತ್ತಲಿಲ್ಲ. ಹಿರಿಯ ವಕೀಲರು ಪೆನ್ನಿನ ಮುಚ್ಚಳ ಹಾಕಿ ಆರಾಮವಾಗಿ ಕೂತರು.

"ಪಾರೀಕತ್ತು ಆದ ದಿನ ನೀವು ಅಲ್ಲಿದ್ರಾ?"

"ನಮ್ಮನೇಲೇ ಆಗಿದ್ದು. ಇರ್ದೆ ಇರ್ತೀನಾ?"

"ತಂಗಿಗೆ ಏನೇನು ಕೊಟ್ರಿ?"

"ಎಲ್ಲ ಬರ್ದೈತಲ್ಲ. ಸೀರೆ, ಬಳೆ, ಮಡಿಲಕ್ಕಿ. ಕ್ರಮವಾಗಿ ಮಾಡಿದೀವಿ. ಬರಿಗೈಲಿ ಕಳ್ಸೋ ವಂಶ ಅಲ್ಲ ನಮ್ದು."

"ಬಳೆ ಯಾವ ಬಣ್ಣ?"

"ಹಸಿರು ಗಾಜಿನ ಬಳೆ. ನಮ್ಮ ಮನೆಯೋಳೇ ತೊಡ್ಸಿದ್ದು. ಹಣೆಗೆ ಕುಂಕುಮ ಇಟ್ಟು, ಮಡಿಲು ತುಂಬಿದ್ದು. ನಾನೇ ಕಣ್ಣಾರೆ ನೋಡಿದೀನಿ."

ಒಂದೊಂದನ್ನೂ ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು. ನಾನು ಕಾದೆ.

"ಅದರ ಹಿಂದಿನ ವರ್ಷ ನಿಮ್ಮ ಮಗನ ಮದುವೆ ಆಯ್ತು. ಹೌದಾ?"

"ಹೌದು. ಜೋರಾಗಿ ಮಾಡ್ದೆ."

"ಧಾರೆ ಹೊತ್ತಲ್ಲಿ ಹುಡುಗನ ಸೋದರತ್ತೆ ಮಂಟಪದಲ್ಲಿ ಇದ್ರಾ?"

"ಯಾರು, ಇವ್ಳಾ? ಅದೆಂಗಾಯ್ತದೆ ಮೇಡಂ?"

"ಯಾಕೆ ಆಗಲ್ಲ?"

ನನಗೆ ಬುದ್ಧಿ ಹೇಳುವವರಂತೆ ಸ್ವಲ್ಪ ಬಾಗಿದರು. "ನೀವು ಓದಿರೋರು, ನಿಮಗೆ ಇವೆಲ್ಲ ಗೊತ್ತಿರಲ್ಲ. ಗಂಡ ಸತ್ತೋಳ್ನ ಶುಭಕಾರ್ಯದಲ್ಲಿ ಮುಂದೆ ಬಿಡಲ್ಲ ನಾವು. ನಮ್ಮ ಮನೆತನದಲ್ಲಿ ಪದ್ಧತಿ ಅಂದ್ರೆ ಪದ್ಧತಿ."

"ಅಂದ್ರೆ ವಿಧವೆಗೆ ನಿಮ್ಮ ಮನೇಲಿ ಕುಂಕುಮ ಇಡಲ್ಲ, ಹಸಿರು ಬಳೆ ತೊಡಿಸಲ್ಲ."

"ಎಲ್ಲಾದ್ರೂ ಉಂಟಾ!"

ಅಂದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ತಲೆ ಎತ್ತಿ, ಡಿ-೪ ಎಲ್ಲಿ ಅಂತ ಕೈ ಚಾಚಿದರು. ಹಿರಿಯ ವಕೀಲರು ಎದ್ದು, ಅದು ಬರೀ ವಾಡಿಕೆಯ ಮಾತು ಸ್ವಾಮಿ, ಪತ್ರದಲ್ಲಿ ಹಾಗೆ ಬರೆಯುತ್ತಾರೆ ಅಷ್ಟೇ ಅಂದರು. ಸಾಕ್ಷಿ ಕಣ್ಣಾರೆ ನೋಡಿದ್ದೇನೆ ಅಂತ ಪ್ರಮಾಣ ಮಾಡಿ ಹೇಳಿದ್ದಾರಲ್ಲ ಅಂದರು ನ್ಯಾಯಾಧೀಶರು. ದೊಡ್ಡಣ್ಣ ಕಟಕಟೆಯ ಸರಳು ಹಿಡಿದು ತಂಗಿಯ ಕಡೆ ತಿರುಗಿದರು. ಕೊನೆಯ ಬೆಂಚಿನಲ್ಲಿ ಅವರು ಸೆರಗು ಹಣೆಯವರೆಗೆ ಎಳೆದುಕೊಂಡು ಕೂತಿದ್ದರು. ಆ ಸ್ಟಿಕ್ಕರ್ ಮುಚ್ಚಿಕೊಳ್ಳಲು ಇರಬೇಕು.

ಹೊರಗೆ ಹಿರಿಯರು, "ಪದ್ಧತಿ ಕಲ್ತುಬಿಟ್ಟೆಯಲ್ಲ ತಾಯಿ," ಅಂದರು. ಅವರ ದನಿಯಲ್ಲಿ ಮೆಚ್ಚುಗೆಯೇ ಇತ್ತು. ನನಗೆ ಹಿಗ್ಗಾಯಿತು. ಸುಳ್ಳು ಯಾಕೆ ಹೇಳಲಿ, ಆ ಸಂಜೆ ಪೂರ್ತಿ ಹಿಗ್ಗುತ್ತಲೇ ಇದ್ದೆ.

ಹದಿನೈದು ದಿನಕ್ಕೆ ಕಕ್ಷಿದಾರರ ಫೋನ್ ಬಂತು. ಈ ಸಲ ಹಿಂದೆ ಮಿಷನ್ನಿನ ಸದ್ದು ಇರಲಿಲ್ಲ.

"ಅಣ್ಣ ಬಂದಿದ್ದ ಮೇಡಂ. ನನ್ನ ಮನೆಗಲ್ಲ, ಓನರಮ್ಮನ ಮನೆಗೆ. ಕಾಫಿ ಕುಡ್ಕೊಂಡು ಹೋದನಂತೆ." ಅವರೇ ಮುಂದುವರಿಸಿದರು: "ಮೂರು ಮನೆಯೋರು ಬಟ್ಟೆ ವಾಪಸ್ ತಗೊಂಡೋದ್ರು. ಒಂದಕ್ಕೆ ಆಗಲೇ ತೋಳು ಜೋಡಿಸಿ ಆಗಿತ್ತು. ಒಳ್ಳೆ ಜನಾನೇ, ಯಾರೂ ಕೆಟ್ಟ ಮಾತು ಆಡ್ಲಿಲ್ಲ. ಮದುವೆ ದಿನ ಮುಂದಕ್ಕೋಯ್ತು ಅಂದ್ರು. ಮೂರು ಮನೇಲೂ ಮುಂದಕ್ಕೋಗಿದೆಯಂತೆ ನೋಡಿ."

"ಕೇಸು ನಮ್ಮ ಕಡೆ ಆಗುತ್ತೆ ಅಕ್ಕ," ಅಂದೆ.

"ಆಗ್ಲಿ ಬುಡಿ," ಅಂದರು.

ಆಯಿತು. ಪಂಚಾಯ್ತಿ ನಡೆದೇ ಇಲ್ಲ, ಪಾರೀಕತ್ತು ನಂಬಲರ್ಹವಲ್ಲ, ವಾದಿಗೆ ಮೂರನೇ ಒಂದು ಪಾಲು ಅಂತ ತೀರ್ಪು ಬಂತು. ಆದರೆ ತೀರ್ಪು ಬಂದ ಕೂಡಲೇ ಗೋಡೆ ಎದ್ದು ಪಾಲು ಕೈಗೆ ಬರುವುದಿಲ್ಲ. ಪಾಲು ಎಷ್ಟು ಅಂತ ಹೇಳುವುದು ಒಂದು ಹಂತ, ಅಳೆದು ಕೊಡುವುದು ಇನ್ನೊಂದು ಹಂತ. ಅಣ್ಣಂದಿರು ಮೇಲ್ಮನವಿ ಹಾಕಿದರು, ಅಳೆದು ಕೊಡುವುದಕ್ಕೆ ತಡೆ ಬಿತ್ತು. ಅಷ್ಟರಲ್ಲಿ ಔಟ್‌ಹೌಸ್ ಕೆಡವಿದರು. ಕಕ್ಷಿದಾರರು ಊರಾಚೆಯ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದು ಸ್ಕೂಲ್ ಯೂನಿಫಾರ್ಮ್ ಹೊಲಿಯಲು ಶುರು ಮಾಡಿದರು.

ತೀರ್ಪಿನ ನಕಲು ಕೊಟ್ಟು ಕಳಿಸಿದ್ದೆ. ಒಂದು ತಿಂಗಳಾದ ಮೇಲೆ, ಮೇಲ್ಮನವಿಯ ವಕಾಲತ್ತಿಗೆ ಸಹಿ ಹಾಕಲು ಬಂದಾಗ ಅದನ್ನು ವಾಪಸ್ ತಂದಿದ್ದರು. ಈ ಸಲ ಹಣೆಯಲ್ಲಿ ಸ್ಟಿಕ್ಕರ್ ಇರಲಿಲ್ಲ, ಕರಿಮಣಿಯೂ ಇರಲಿಲ್ಲ. ತೀರ್ಪು ಕನ್ನಡದಲ್ಲಿತ್ತು, ಅವರೇ ಕೂತು ಪೂರ್ತಿ ಓದಿದ್ದರಂತೆ. ಪುಟಪುಟದಲ್ಲೂ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ಗೆರೆಗಳು.

"ಇದೇನಕ್ಕ?"

"ವಿಧವೆ ಅಂತ ಬಂದ ಕಡೆಯೆಲ್ಲ ಗೆರೆ ಹಾಕ್ದೆ. ಹನ್ನೊಂದು ಸಲ ಬಂದೈತೆ." ಕೊನೆಯ ಪುಟ ತಿರುಗಿಸಿ ಒಂದು ಸೊನ್ನೆ ತೋರಿಸಿದರು. ಅದೂ ನೀಲಿ. "ಅಪ್ಪನ ಮಗಳು ಅಂತ ಒಂದೇ ಸಲ. ಅಪ್ಪನ ಮಗಳು ಅಂತ ತಾನೆ ಮೇಡಂ ನಾನು ಕೇಳಿದ್ದು?"

ಬೈಯುವ ದನಿ ಅಲ್ಲ ಅದು. ಅಳತೆ ಸರಿ ಬಂತಾ ಅಂತ ಕೇಳುವ ದನಿ. ವಕಾಲತ್ತಿಗೆ ಸಹಿ ಹಾಕುವ ಮೊದಲು, ಮೇಲಿನಿಂದ ಕೆಳಗಿನವರೆಗೆ ಅದರ ಒಂದೊಂದು ಸಾಲನ್ನೂ ಓದಿದರು. ಖಾಲಿ ಬಿಟ್ಟ ಜಾಗಗಳನ್ನು ನನ್ನಿಂದ ತುಂಬಿಸಿಕೊಂಡು, ಆಮೇಲೆ ಹಾಕಿದರು.

ಅವರು ಹೋದ ಮೇಲೆ ನಾನು ಕೋರ್ಟಿಗೆ ಕೊಟ್ಟಿದ್ದ ಲಿಖಿತ ವಾದವನ್ನು ತೆಗೆದು ನೋಡಿದೆ. ಆ ಪದಗಳು ನ್ಯಾಯಾಧೀಶರವಲ್ಲ. ಸಾಲಿಗೆ ಸಾಲು ನನ್ನ ವಾದದಿಂದಲೇ ಹೋದವು. ನಾನು ಬರೆದದ್ದು ಹದಿನಾಲ್ಕು ಸಲ. ನ್ಯಾಯಾಧೀಶರು ಮೂರು ಕಡಿಮೆ ಮಾಡಿದ್ದರು.

ಮೇಲ್ಮನವಿಯಲ್ಲಿ ನನ್ನ ಕಕ್ಷಿದಾರರೇ ಎದುರುದಾರರು. ಉತ್ತರ ಬರೆಯಲು ಕೂತಾಗ ಮೊದಲ ವಾಕ್ಯ ಹೀಗೆ ಬರೆದೆ: ಎದುರುದಾರರು ದಿವಂಗತರ ಮಗಳು, ಆ ಕಾರಣದಿಂದ ಸಮಪಾಲಿಗೆ ಹಕ್ಕುದಾರರು. ಕಾನೂನಿಗೆ ಅಷ್ಟು ಸಾಕಾಗಬೇಕಿತ್ತು. ಎರಡನೇ ವಾಕ್ಯಕ್ಕೇ ಆ ಇನ್ನೊಂದು ಪದ ಬೇಕಾಯಿತು.